ಮಾವನ ದಾಳ, ಅತ್ತೆಯ ಭರಣಿ

ಒಡೆದು ಮೂರು ತುಂಡಾದ ಗಾಜಿನ ಮುಂದೆ ನಿಂತು "ಇದು ಒಡೆದಿಲ್ಲ" ಎಂದು ತೀರ್ಪು ಕೊಟ್ಟವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಬುದ್ಧಿ ಸ್ಥಿಮಿತದಲ್ಲಿತ್ತು. ಕುಡಿತದ ಅಭ್ಯಾಸ ಇರಲಿಲ್ಲ. ಕನ್ನಡಕ ಹೊಸದಾಗಿತ್ತು. ಇಷ್ಟೆಲ್ಲ ಇದ್ದೂ ಅವರು ಹಾಗೆ ಹೇಳಿದರು! ಆ ದಿನ ನನ್ನ ಬಾಯಿ ತೆರೆದದ್ದು ಮುಚ್ಚಲು ಬಹಳ ಹೊತ್ತು ಹಿಡಿಯಿತು. ನಿಜ ಹೇಳಬೇಕೆಂದರೆ, ಅವರ ಜತೆ ಕಳೆದ ವರ್ಷಗಳಲ್ಲಿ ನನ್ನ ಬಾಯಿ ಮುಚ್ಚಿದ್ದಕ್ಕಿಂತ ತೆರೆದಿದ್ದದ್ದೇ ಹೆಚ್ಚು.

ಹೆಸರು ಬೇಡ. ಉಡುಪಿ ಬಳಿಯ ಕಾಪುವಿನ ಹಳಬರಿಗೆ "ದಾಳದವರು" ಎಂದರೆ ಸಾಕು. ಉಳಿದವರು ಎರಡು ವಸ್ತುಗಳನ್ನು ನೆನಪಿಟ್ಟುಕೊಂಡರೆ ಸಾಕು: ಮಾವನ ಇಪ್ಪತ್ತು ಮುಖದ ದಾಳ, ಮತ್ತು ಅತ್ತೆಯ ತವರಿನ ಉಪ್ಪಿನಕಾಯಿ ಭರಣಿ. ಮೊದಲನೆಯದರಿಂದ ಎರಡನೆಯದನ್ನು ಕಾಪಾಡುವುದು ಹೇಗೆ ಎಂಬುದು ನಮ್ಮ ಅತ್ತೆಯನ್ನು ವರ್ಷಗಟ್ಟಲೆ ನಿದ್ದೆಗೆಡಿಸಿದ ಪ್ರಶ್ನೆಯಾಗಿತ್ತು.

ಮೊದಲು ಕಾಲನಿರ್ಣಯ ಮಾಡಿಬಿಡೋಣ. ದಾಳ ತಮ್ಮ ಕೈಗೆ ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ ಎಂದು ಮಾವ ಕೊನೆಯವರೆಗೂ ಸಾಧಿಸುತ್ತಿದ್ದರು. ಇದು ಸಾಧ್ಯವೇ ಇಲ್ಲ. ದಾಳದ ಜತೆಗೆ ಬಂದ ಆಟದ ಪುಸ್ತಕವನ್ನು ನಾನು ಕೈಯಾರೆ ಪರಿಶೀಲಿಸಿದ್ದೇನೆ. ಅದು ಅಚ್ಚಾದದ್ದೇ ಎಪ್ಪತ್ತರ ದಶಕದ ಕೊನೆಗೆ. ಅತ್ತೆಯ ಪ್ರಕಾರ ಅದು "ನಮ್ಮ ಮನೆಗೆ ಕರೆಂಟು ಬಂದ ಮರುವರ್ಷ". ಕರೆಂಟು ಬಂದ ವರ್ಷದ ಬಗ್ಗೆ ಮನೆಯಲ್ಲೇ ಮೂರು ಅಭಿಪ್ರಾಯಗಳಿವೆ. ಎಲ್ಲವನ್ನೂ ತಾಳೆ ಹಾಕಿ ನೋಡಿದರೆ ಎಂಬತ್ತರ ದಶಕದ ಮೊದಲ ಒಂದೆರಡು ವರ್ಷಗಳಿಗೆ ಬಂದು ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಖಚಿತವಾಗಿ ಹೇಳಲು ಆಧಾರಗಳು ಬಿಡುವುದಿಲ್ಲ.

ಆಗ ನಾನು ಮಣಿಪಾಲದಲ್ಲಿ ಸಂಶೋಧನಾ ವಿದ್ಯಾರ್ಥಿ. ಮಾವ ಅಲ್ಲಿಯೇ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನಿನ ಸ್ಟೋರು ನೋಡಿಕೊಳ್ಳುತ್ತಿದ್ದರು. ದಿನವೂ ಕಾಪುವಿನಿಂದ ಬಸ್ಸಿನಲ್ಲಿ ಬಂದುಹೋಗುವುದು. ಬ್ಯೂರೆಟ್, ಪಿಪೆಟ್, ಫ್ಲಾಸ್ಕು, ಬೀಕರು: ಬೆಳಿಗ್ಗೆ ಕೊಡುವುದು, ಸಂಜೆ ವಾಪಸು ಪಡೆಯುವುದು, ನಡುವೆ "ಟಣ್" ಎಂಬ ಸದ್ದು ಕೇಳಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟುಕೊಳ್ಳುವುದು. ಇಪ್ಪತ್ತು ಚಿಲ್ಲರೆ ವರ್ಷ ಗಾಜು ಒಡೆಯುವ ಸದ್ದನ್ನು ಕೇಳುತ್ತಲೇ ಬದುಕಿದ ಮನುಷ್ಯ ಅವರು.

ಅವರ ಸ್ಟೋರಿನ ಹೊರಗಿನ ಜಗಲಿಯಲ್ಲಿ ಮಲೇಶಿಯಾದ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಕುಳಿತು ಏನೋ ಆಡುತ್ತಿದ್ದರು. ಇಸ್ಪೀಟಲ್ಲ, ಚೆನ್ನೆಮಣೆಯಲ್ಲ, ಕೇರಂ ಅಲ್ಲ. ಒಬ್ಬ ಕತೆ ಹೇಳುವುದು, ಉಳಿದವರು ಆ ಕತೆಯೊಳಗಿನ ಪಾತ್ರಗಳಾಗಿ "ನಾನು ಗುಹೆಯೊಳಗೆ ಹೋಗುತ್ತೇನೆ", "ನಾನು ಬಾಗಿಲು ಒದೆಯುತ್ತೇನೆ" ಎನ್ನುವುದು, ಒದೆತ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುವುದು. ಒಂದು ಶನಿವಾರ ಆ ಗುಂಪಿನಿಂದ ಒಬ್ಬ "ಅಯ್ಯೋ ನನ್ನ ಲಾಟೀನು! ನನ್ನ ಲಾಟೀನು!" ಎಂದು ಕಿರುಚಿಕೊಂಡ. ಗಾಜಿನ ಹೆಸರು ಕೇಳಿದೊಡನೆ ಮಾವ ಹೊರಗೆ ಹಾರಿದರು. ಲಾಟೀನು ಎಲ್ಲಿಯೂ ಇರಲಿಲ್ಲ!

ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಮಾವ ಆಮೇಲೆ ನನಗೆ ವರದಿ ಮಾಡಿದ್ದು ಹೀಗೆ:

"ಲಾಟೀನು ಎಲ್ಲಿ ಒಡೆದದ್ದು?" ಎಂದು ಮಾವ ಕೇಳಿದರಂತೆ. "ಗುಹೆಯಲ್ಲಿ ಸಾರ್, ಘಟಸರ್ಪ ಬೆಂಕಿ ಉಗುಳಿತು" ಎಂದನಂತೆ ಆ ಹುಡುಗ.

"ನನ್ನ ಜಗಲಿಯಲ್ಲಾ?"

"ಕತೆಯಲ್ಲಿ ಸಾರ್. ನಾನು ಪಾರಾಗಲಿಲ್ಲ. ಈಗ ನನ್ನ ಒಂದೊಂದು ವಸ್ತುವೂ ಬೇರೆ ಬೇರೆ ದಾಳ ಹಾಕಿ ಪಾರಾಗಬೇಕು."

"ವಸ್ತುಗಳಿಗೆ ಬೇರೆ ದಾಳವಾ?"

ಆ ಹುಡುಗ ಪುಸ್ತಕ ಬಿಡಿಸಿ ತೋರಿಸಿದನಂತೆ. ಅಲ್ಲಿ ಒಂದು ಕೋಷ್ಟಕ. ಒಂದು ಕಡೆ ಗಾಜು, ಪಿಂಗಾಣಿ, ಮರ, ಚರ್ಮ, ಕಬ್ಬಿಣ. ಇನ್ನೊಂದು ಕಡೆ ಬೆಂಕಿ, ಸಿಡಿಲು, ಪೆಟ್ಟು, ಬೀಳುವುದು. ಯಾವ ವಸ್ತು ಯಾವ ಆಪತ್ತಿನಿಂದ ಪಾರಾಗಲು ದಾಳದಲ್ಲಿ ಎಷ್ಟು ಬೀಳಬೇಕೆಂಬ ಸಂಖ್ಯೆ. ಕಬ್ಬಿಣಕ್ಕೆ ಸಣ್ಣ ಸಂಖ್ಯೆ ಸಾಕು. ಗಾಜಿಗೆ ಬಹಳ ದೊಡ್ಡದು ಬೇಕು. ಮಂತ್ರ ಹಾಕಿದ ವಸ್ತುವಾದರೆ ಬಿದ್ದ ಸಂಖ್ಯೆಗೆ ಒಂದೋ ಎರಡೋ ಮೂರೋ ಸೇರಿಸಿಕೊಳ್ಳಬಹುದು. ನೆಲದಲ್ಲೋ ಮೇಜಿನ ಮೇಲೋ ಬಿಟ್ಟ ವಸ್ತು ತನ್ನ ಪಾಡು ತಾನೇ ನೋಡಿಕೊಳ್ಳಬೇಕು. ಆದರೆ ಯಾರಾದರೂ ಕೈಯಲ್ಲಿ ಹಿಡಿದಿದ್ದರೆ ಅದಕ್ಕೆ ಹಿಡಿದವರ ರಕ್ಷೆ. ಹಿಡಿದವರು ಪಾರಾದರೆ ಅದೂ ಪಾರು.

"ಗಾಜಿಗೂ ಒಂದು ಅವಕಾಶ ಉಂಟು ಅಂತ ಬರೆದಿದ್ದಾರೆ ಮಾರಾಯ!" ಎಂದರು ಮಾವ. ಅವರ ಕಣ್ಣು ಒದ್ದೆಯಾಗಿತ್ತು. "ಇಷ್ಟು ವರ್ಷ ಸ್ಟೋರು ನೋಡಿದೆ. ಗಾಜು ಬಿದ್ದರೆ ಒಡೆಯಿತು, ಮುಗಿಯಿತು. ಅದಕ್ಕೂ ಒಂದು ಅವಕಾಶ ಕೊಡಬೇಕು ಅಂತ ಇಲ್ಲಿ ಯಾರಿಗಾದರೂ ತೋಚಿತಾ?"

ಓದು ಮುಗಿಸಿ ಊರಿಗೆ ಹೊರಟಾಗ ಆ ಹುಡುಗ ಪುಸ್ತಕವನ್ನೂ ಒಂದು ದಾಳವನ್ನೂ ಮಾವನಿಗೇ ಕೊಟ್ಟುಹೋದ. ಹಸಿರು ಬಣ್ಣ, ನೆಲ್ಲಿಕಾಯಿಯ ಗಾತ್ರ, ಇಪ್ಪತ್ತು ಮುಖ. ಅಂದಿನಿಂದ ಅದು ಮಾವನ ಬಲಗೈ ಬಿಟ್ಟದ್ದಿಲ್ಲ. ಮಾತನಾಡುವಾಗ, ನಡೆಯುವಾಗ, ಬಸ್ಸಿಗೆ ಕಾಯುವಾಗ ಅಂಗೈಯಲ್ಲಿ ಕುಲುಕುತ್ತಲೇ ಇರುವುದು. ಕಟಕಟ ಸದ್ದು ಕೇಳಿದರೆ ಮಾವ ಬಂದರೆಂದೇ ಅರ್ಥ. ಅತ್ತೆ ಅದನ್ನು ದಾಳವೆಂದು ಒಮ್ಮೆಯೂ ಕರೆಯಲಿಲ್ಲ. "ಆ ನೆಲ್ಲಿಕಾಯಿ ಸ್ವಲ್ಪ ಕೆಳಗಿಟ್ಟು ಊಟ ಮಾಡ್ತೀರಾ?" ಎನ್ನುವರು.

ಇನ್ನು ಆ ತೀರ್ಪಿನ ಪ್ರಕರಣ. ಒಬ್ಬ ವಿದ್ಯಾರ್ಥಿಯ ಕೈಯಿಂದ ಬ್ಯೂರೆಟ್ ಜಾರಿ ನೆಲಕ್ಕೆ ಬಿತ್ತು. ನಾನು ಅಲ್ಲಿಯೇ ಇದ್ದೆ. ಅದು ಮೂರು ತುಂಡಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಾವ ಬಂದರು, ದಾಳ ಕುಲುಕಿದರು, ಮೇಜಿನ ಮೇಲೆ ಉರುಳಿಸಿದರು. ಹತ್ತೊಂಬತ್ತು!

"ಪಾರಾಯಿತು!" ಎಂದು ಘೋಷಿಸಿದರು.

"ಮಾವ, ಅದು ಒಡೆದಾಗಿದೆ" ಎಂದೆ.

"ಒಡೆದದ್ದು ನನಗೂ ಕಾಣ್ತದೆ. ಆದರೆ ಒಡೆಯಬಾರದಿತ್ತು. ಗೆದ್ದದ್ದನ್ನು ಸೋತದ್ದು ಅಂತ ಹೇಗೆ ಹೇಳುವುದು? ನ್ಯಾಯ ಬೇಡವಾ?"

ತುಂಡುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿ, ಹೊರಗೆ "ಒಡೆದಿಲ್ಲ" ಎಂದು ಚೀಟಿ ಅಂಟಿಸಿದರು. ನಾನು ದಂಗಾಗಿ ನಿಂತೆ. ನನಗಿಂತ ಹೆಚ್ಚು ದಂಗಾದವರು ವರ್ಷದ ಕೊನೆಗೆ ಸಾಮಾನು ಪರಿಶೀಲನೆಗೆ ಬಂದ ಅಧಿಕಾರಿ. ಅಷ್ಟರಲ್ಲಿ ಅಂಥ ಪೆಟ್ಟಿಗೆಗಳು ಒಂದು ಕಪಾಟಿನ ತುಂಬ ಆಗಿದ್ದವು!

"ಇದು ಎಂತ?"

"ಬ್ಯೂರೆಟ್ ಸಾರ್."

"ಒಡೆದುಂಟಲ್ಲ?"

"ಇಲ್ಲ ಸಾರ್. ತುಂಡಾಗಿದೆ, ಅಷ್ಟೇ. ಅದಕ್ಕೆ ಹತ್ತೊಂಬತ್ತು ಬಿದ್ದುಂಟು."

ಅಧಿಕಾರಿ ಕುರ್ಚಿಯಲ್ಲಿ ಕುಸಿದರು. ಕುಡಿಯಲು ನೀರು ಕೇಳಿದರು. ಮಾವ ಸ್ಟೀಲಿನ ಲೋಟದಲ್ಲಿ ನೀರು ತರಿಸಿದರು. "ಹೆದರಬೇಡಿ ಸಾರ್, ಸ್ಟೀಲಿಗೆ ಸಣ್ಣ ಸಂಖ್ಯೆ ಸಾಕು. ಆದರೂ ಕೆಳಗಿಡುವುದಕ್ಕಿಂತ ಕೈಯಲ್ಲಿದ್ದರೆ ಒಳ್ಳೆಯದು" ಎಂದರು. ಹಿರಿಯ ಅಧಿಕಾರಿ, ಉಡುಪಿಯಲ್ಲಿ ಗೌರವಸ್ಥರು. ಖಾಲಿಯಾದ ಲೋಟವನ್ನು ಅವರು ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಗೇಟಿನವರೆಗೆ ಹೋದದ್ದನ್ನು ನೋಡಿದವರಿದ್ದಾರೆ.

ಹಿಡಿದವರ ರಕ್ಷೆ ಎಂಬ ನಿಯಮವನ್ನು ಮಾವ ಮನೆಗೂ ಅನ್ವಯಿಸಿದರು. ಒಡೆಯುವ, ಕೆಡುವ ಯಾವ ವಸ್ತುವೂ ಎಲ್ಲಿಯೂ ಸುಮ್ಮನೆ ಇರುವಂತಿಲ್ಲ. ಯಾರಾದರೂ ಹಿಡಿದಿರಬೇಕು! ಮಳೆಗಾಲದ ಮೊದಲ ಸಿಡಿಲು ಹೊಡೆದಾಗ "ರೇಡಿಯೋ ಹಿಡ್ಕೋ, ರೇಡಿಯೋ ಹಿಡ್ಕೋ!" ಎಂದು ನನ್ನ ಮಡಿಲಿಗೆ ಅದನ್ನು ಹಾಕಿಸಿದರು.

"ಸಿಡಿಲು ಹೊಡೆದರೆ ಅವನ ಗತಿ ಎಂತ?" ಎಂದರು ಅತ್ತೆ.

"ಅವನು ಎಳೆಯ. ಪಾರಾಗ್ತಾನೆ."

"ಪಾರಾಗದಿದ್ದರೆ?"

"ಆಗ ರೇಡಿಯೋಗೆ ಬೇರೆ ದಾಳ ಹಾಕಬಹುದು!"

ನನಗೆ ಬೇರೆ ದಾಳ ಉಂಟೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕನ್ನಡಿಯ ಪ್ರಕರಣ ಇನ್ನೂ ಘೋರ. ಉಡುಪಿಯಲ್ಲಿ ಒಂದು ದೊಡ್ಡ ಕನ್ನಡಿ ಕೊಂಡು ಮಾವ ಮತ್ತು ನಾನು ಕಾಪುವಿನ ಬಸ್ಸು ಹತ್ತಿದೆವು. ಅಂಗಡಿಯಿಂದ ಬಸ್ಸಿನವರೆಗೆ ಹೊತ್ತವನು ನಾನು. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಾವ ಸುತ್ತಲೂ ನೋಡಿದರು. ಎದುರಿನ ಸೀಟಿನಲ್ಲಿ ಬ್ಯಾರಿ ಸಮುದಾಯದ ಒಬ್ಬ ವ್ಯಾಪಾರಿ ಕುಳಿತಿದ್ದರು, ಅಗಲವಾದ ಎದೆಯ ಗಟ್ಟಿ ಆಸಾಮಿ.

"ನಿಮ್ಮ ಆರೋಗ್ಯ ಹೇಗುಂಟು?" ಎಂದು ಮಾವ ಕೇಳಿದರು.

"ದೇವರ ದಯದಿಂದ ಒಳ್ಳೇದುಂಟು. ಯಾಕೆ?"

"ತಲೆಸುತ್ತು, ಕೈಕಾಲು ನೋವು?"

"ಎಂತದೂ ಇಲ್ಲ ಮಾರಾಯ್ರೆ! ನೀವು ಡಾಕ್ಟ್ರಾ?"

"ಅಲ್ಲ. ಈ ಕನ್ನಡಿ ಸ್ವಲ್ಪ ಹಿಡ್ಕೊಳ್ಳಿ. ನಿಮ್ಮ ರಕ್ಷೆ ನಮ್ಮಿಬ್ಬರಿಗಿಂತ ಜಾಸ್ತಿ ಉಂಟು."

ಆ ಪುಣ್ಯಾತ್ಮ ಹಿಡಿದುಕೊಂಡರು. ಅವರು ಇಳಿಯಬೇಕಾದದ್ದು ಕಟಪಾಡಿಯಲ್ಲಿ. ಕಟಪಾಡಿ ಬಂತು, ಹೋಯಿತು. ಮಾವ ಅವರಿಗೆ ಘಟಸರ್ಪದ ಬೆಂಕಿಯ ಬಗ್ಗೆ ವಿವರಿಸುತ್ತಿದ್ದರು. ಕಾಪುವಿನಲ್ಲಿ ಆ ವ್ಯಾಪಾರಿ ಕನ್ನಡಿಯ ಸಮೇತ ಇಳಿದು, ನಮ್ಮ ಹಿಂದೆಯೇ ಮನೆಯವರೆಗೆ ನಡೆದು, ಅದನ್ನು ಗೋಡೆಗೆ ಒರಗಿಸಿ, ಅತ್ತೆ ಕೊಟ್ಟ ಚಹಾ ಕುಡಿದರು. "ಅಕ್ಕಾ, ನಿಮ್ಮ ಯಜಮಾನರು ಹೇಳಿದ್ದು ನನಗೆ ಅರ್ಧ ಗೊತ್ತಾಗ್ಲಿಲ್ಲ. ಆದರೆ ಕನ್ನಡಿ ಮಾತ್ರ ನಾನು ಬಿಡ್ಲಿಲ್ಲ!" ಎಂದರು. ಪಕ್ಕದ ಊರಿನ ಅಪರಿಚಿತನೊಬ್ಬ ತನ್ನ ಸ್ಟಾಪನ್ನೇ ಬಿಟ್ಟು ಕನ್ನಡಿ ಕಾಯುವುದೆಂದರೆ! ನನಗೆ ಆಘಾತ. ಮಾವನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಅವರು ಮೂಲೆಯಲ್ಲಿ ಕುಳಿತು ದಾಳ ಕುಲುಕುತ್ತಿದ್ದರು.

ಅತ್ತೆ ಅವರ ಹತ್ತಿರ ಬಂದರು. ಮಾವನ ಚಹಾವನ್ನು ಗಾಜಿನ ಲೋಟದಿಂದ ಸ್ಟೀಲಿನ ಲೋಟಕ್ಕೆ ಬಗ್ಗಿಸಿ, ಅರ್ಧಕ್ಕಿಂತ ಸ್ವಲ್ಪ ಕಡಿಮೆ ತುಂಬಿಸಿ ಕೊಟ್ಟರು.

ಇಷ್ಟರಲ್ಲಿ ಮಾವನ ಲಕ್ಷ್ಯ ಮಂತ್ರರಕ್ಷೆಯ ಕಡೆ ಹೊರಳಿತು. ಯಾವ ವಸ್ತುವಿಗೆ ಮಂತ್ರ ಹಾಕಿದೆ, ಯಾವುದಕ್ಕೆ ಹಾಕಿಲ್ಲ ಎಂದು ತಿಳಿಯುವುದು ಹೇಗೆ? "ನೀನು ಸಂಶೋಧಕ ಅಲ್ವಾ? ಹೇಳು" ಎಂದು ನನ್ನನ್ನು ಪೀಡಿಸಿದರು. ನನ್ನ ವಿಷಯ ಶಾಸನಗಳು, ಘಟಸರ್ಪಗಳಲ್ಲ ಎಂದೆ. ಕೊನೆಗೆ ತಾವೇ ಒಂದು ಸೂತ್ರ ಕಂಡುಹಿಡಿದರು: ಒಡೆಯಬೇಕಾದಾಗ ಒಡೆಯದೇ ಉಳಿದದ್ದಕ್ಕೆ ಮಂತ್ರ ಉಂಟು.

ಈ ಸೂತ್ರ ಕೇಳಿದ ಕ್ಷಣ ಅತ್ತೆಯ ಮುಖ ಬಿಳಿಚಿತು. ಅವರ ತವರು ಕಾರ್ಕಳ. ಅಲ್ಲಿ ಅವರ ತಾಯಿಯ ಉಪ್ಪಿನಕಾಯಿ ಭರಣಿಯೊಂದಿತ್ತು. ಮೇಲರ್ಧ ಕಂದು, ಕೆಳಗೆ ಕೆನೆ ಬಣ್ಣ, ಹಿಡಿದೆತ್ತಲು ಎರಡು ಕಿವಿ. ಅತ್ತೆ ಚಿಕ್ಕವರಿದ್ದಾಗ ಅದು ಜಗಲಿಯಿಂದ ಉರುಳಿ, ಕರಿಕಲ್ಲಿನ ಮೆಟ್ಟಿಲುಗಳ ಮೇಲೆ ಕೆಳಗಿನವರೆಗೂ ಹೋಗಿ ನಿಂತಿತ್ತಂತೆ. ಮುಚ್ಚಳದ ಅಂಚು ಒಂದಿಷ್ಟು ಹೋದದ್ದು ಬಿಟ್ಟರೆ ಗೀರೂ ಇಲ್ಲ. ತಾಯಿಯ ನಂತರ ಅದು ತನಗೆ ಎಂಬ ಮಾತು ಅತ್ತೆಗೆ ಸಿಕ್ಕಿತ್ತು. ಈ ಕತೆಯನ್ನು ಅವರೇ ಎಂದೋ ಹೆಮ್ಮೆಯಿಂದ ಮಾವನಿಗೆ ಹೇಳಿದ್ದರು!

"ಕಾರ್ಕಳದ ಕರಿಕಲ್ಲಿನ ಮೇಲೆ!" ಮಾವ ಎದ್ದು ನಿಂತರು. "ಪಿಂಗಾಣಿ! ಅದಕ್ಕೆ ಕಡಿಮೆಯೆಂದರೆ ಮೂರು ಸೇರಿಸಬೇಕು. ಒಮ್ಮೆ ಪರೀಕ್ಷೆ ಮಾಡಿ ನೋಡಿದರೆ..."

"ಪರೀಕ್ಷೆಯಾ? ಅದರ ಹತ್ತಿರ ಆ ನೆಲ್ಲಿಕಾಯಿ ಹಿಡ್ಕೊಂಡು ಹೋಗಿ ನೋಡಿ. ನಾನು ಕಾರ್ಕಳದಲ್ಲೇ ಕೂತುಬಿಡ್ತೇನೆ. ಮತ್ತೆ ನಿಮ್ಮ ಗಂಜಿಗೆ ನೀವೇ ದಾಳ ಹಾಕ್ಕೊಳ್ಳಿ!"

ಪರೀಕ್ಷೆಯ ಮಾತು ಅಲ್ಲಿಗೆ ನಿಂತಿತು.

ಮುಂದೆ ಅತ್ತೆಯ ತಾಯಿ ತೀರಿಕೊಂಡರು. ಇದರ ವರ್ಷ ನನಗೆ ಖಚಿತವಾಗಿ ಗೊತ್ತು. ನನ್ನ ಪ್ರಬಂಧ ಒಪ್ಪಿಸಿದ ವರ್ಷವೇ ಅದು, ಎಂಬತ್ತೈದು. ಉತ್ತರಕ್ರಿಯೆ ಮುಗಿದ ಮೇಲೆ ಅತ್ತೆಯ ಅಣ್ಣ ಭರಣಿಯನ್ನು ಒಳಗಿನಿಂದ ತಂದು ಜಗಲಿಯಲ್ಲಿಟ್ಟರು. "ತಗೋ, ಅಮ್ಮನದ್ದು. ಈ ಸಲದ ಮಾವಿನ ಮಿಡಿಯೂ ಅದರಲ್ಲೇ ಉಂಟು. ಅವಳೇ ಹಾಕಿದ್ದು" ಎಂದರು.

ಭರಣಿಯ ಬಾಯಿಗೆ ಬಟ್ಟೆ ಕಟ್ಟಿತ್ತು. ಆ ಗಂಟು ಕೂಡ ತಾಯಿ ಹಾಕಿದ್ದು. ಅತ್ತೆ ಅದನ್ನು ಬಿಚ್ಚದೆ ಬೆರಳಿನಿಂದ ಸವರಿದರು. ಇನ್ನೊಮ್ಮೆ ಆ ಕೈಯ ಉಪ್ಪಿನಕಾಯಿ ಈ ಭೂಮಿಯ ಮೇಲೆ ಆಗುವುದಿಲ್ಲ. ಅದು ಕಾರ್ಕಳದಿಂದ ಬೆಳ್ಮಣ್ ದಾರಿಯಾಗಿ ಪಡುಬಿದ್ರಿಗೆ, ಅಲ್ಲಿ ಬಸ್ಸು ಬದಲಿಸಿ ಕಾಪುವಿಗೆ, ಒಡೆಯದೆ ಹೋಗಬೇಕು. ಜತೆಗೆ ಹೊರಟವರು ಯಾರು? ದಾಳದವರು!

ಆಗ ಮಾವ ನನ್ನ ಎದೆ ನಿಲ್ಲುವಂಥ ಕೆಲಸವೊಂದನ್ನು ಮಾಡಿದರು. ಯಾರೂ ಕೇಳದೆ ಇದ್ದರೂ ಭರಣಿಯ ಪಕ್ಕ ಕುಳಿತು, ಕುಲುಕಿ, ದಾಳವನ್ನು ಜಗಲಿಯ ಮೇಲೆ ಉರುಳಿಸಿದರು. ಅದು ಉರುಳುತ್ತ ಹೋಗಿ ಭರಣಿಯ ಬುಡಕ್ಕೆ ತಾಗಿ ನಿಂತಿತು.

ಒಂದು!

ಇಪ್ಪತ್ತು ಮುಖಗಳಲ್ಲಿ ಅದೊಂದೇ ಬೀಳಬೇಕೆ? ಮೂರಲ್ಲ, ಹತ್ತು ಸೇರಿಸಿದರೂ ಪಾರಾಗದ ಸಂಖ್ಯೆ. ಒಡೆದ ಬ್ಯೂರೆಟ್ಟಿಗೆ ನ್ಯಾಯ ಕೊಟ್ಟ ಮನುಷ್ಯ ಥಟ್ಟನೆ ದಾಳದ ಮೇಲೆ ಅಂಗೈ ಮುಚ್ಚಿದರು.

"ಎಷ್ಟು ಬಿತ್ತು?" ಎಂದರು ಅತ್ತೆ.

"ಅದು ಸರಿಯಾಗಿ ಬೀಳ್ಲಿಲ್ಲ. ಲೆಕ್ಕಕ್ಕಿಲ್ಲ."

ಮಾವ ಸುಳ್ಳು ಹೇಳುವುದೇ! ದಾಳದ ವಿಷಯದಲ್ಲಿ! ನಾನು ದಿಗ್ಭ್ರಮೆಯಿಂದ ನೋಡುತ್ತಿದ್ದೆ.

"ಕೈ ತೆಗೀರಿ" ಎಂದರು ಅತ್ತೆ. ತೆಗೆದರು. ಅತ್ತೆ ನೋಡಿದರು. ಗದರುತ್ತಾರೆಂದು ನಾನು ಕಾದೆ. ಅವರು ಮಾವನ ಪಕ್ಕ ಕುಳಿತರು.

"ಈ ಸಂಖ್ಯೆ ನೆಲದಲ್ಲಿ ಬಿಟ್ಟದ್ದಕ್ಕೆ ಅಲ್ವಾ?"

"ಹೌದು."

"ಹಿಡಿದವರು ಇದ್ದರೆ?"

"ಹಿಡಿದವರ ರಕ್ಷೆ. ಇವನು ಹಿಡಿದುಕೊಳ್ಳಲಿ" ಎಂದು ಮಾವ ನನ್ನ ಕಡೆ ತೋರಿಸಿದರು.

"ಇವನಲ್ಲ. ನೀವು ಹಿಡೀರಿ."

"ನಾನಾ? ನನ್ನ ಕೈಯಲ್ಲಾ?" ಮಾವನ ಧ್ವನಿ ಇಳಿಯಿತು. "ಬೇಡ ಮಾರಾಯ್ತಿ. ನಿನಗೆ ಗೊತ್ತಿಲ್ಲ."

"ನನಗೆ ಎಲ್ಲ ಗೊತ್ತುಂಟು."

ಆಗ ನಾನು ಮೊದಲ ಬಾರಿ ಮಾವನ ಬಲಗೈಯನ್ನು ನೋಡಿದೆ. ಅದರಲ್ಲಿ ದಾಳವಿರಲಿಲ್ಲ, ದಾಳ ನೆಲದ ಮೇಲಿತ್ತು. ಆದರೂ ಕೈ ಕುಲುಕುತ್ತಲೇ ಇತ್ತು.

ಗಾಜಿನ ಸ್ಟೋರು ನೋಡಿಕೊಳ್ಳುವ ಮನುಷ್ಯನ ಕೈ ನಡುಗಲು ತೊಡಗಿದರೆ ಅವನು ಏನು ಮಾಡಬೇಕು? ಯಾರಿಗೆ ಹೇಳಬೇಕು? ಹೇಳಿದ ಮರುದಿನ ಸ್ಟೋರಿನ ಬೀಗದಕೈ ಇನ್ನೊಬ್ಬರ ಪಾಲಾಗುತ್ತದೆ. ದಾಳ ಹಾಕುವ ಮೊದಲು ಮಾತ್ರ ಜಗತ್ತಿನಲ್ಲಿ ಎಲ್ಲರ ಕೈಯೂ ಅಲುಗುತ್ತದೆ. ಆ ಹೊತ್ತಿನಲ್ಲಿ ನಡುಗುವ ಕೈಯನ್ನು ಯಾರೂ ನಡುಗುವ ಕೈ ಎನ್ನುವುದಿಲ್ಲ. ಹುಚ್ಚು ಎನ್ನಬಹುದು, ನಗಬಹುದು. ಮಾವ ಅದಕ್ಕೆ ಒಪ್ಪಿಕೊಂಡಿದ್ದರು. ರೇಡಿಯೋ ನನ್ನ ಮಡಿಲಿಗೆ ಬಂದದ್ದು, ಕನ್ನಡಿ ವ್ಯಾಪಾರಿಯ ಕೈಗೆ ಹೋದದ್ದು, ಅಧಿಕಾರಿಗೆ ನೀರನ್ನು ತಾವು ತಾರದೆ ತರಿಸಿದ್ದು, ಅತ್ತೆ ಚಹಾವನ್ನು ಅರ್ಧಕ್ಕೆ ಇಳಿಸಿದ್ದು, ಎಲ್ಲ ಈ ಕೈಗಾಗಿ! ಶಾಸನದಲ್ಲಿ ಮಾಸಿದ ಅಕ್ಷರವನ್ನು ಓದುವವನೆಂದು ನಾನು ಮೀಸೆ ತಿರುವುತ್ತಿದ್ದ ಕಾಲವದು.

ಅತ್ತೆ ಭರಣಿಯನ್ನು ಎತ್ತಿ ಮಾವನ ಮಡಿಲಲ್ಲಿ ಇಟ್ಟರು. ಮಾವನ ಎರಡೂ ಕೈಗಳನ್ನು ತೆಗೆದು ಅದರ ಸುತ್ತ ಹಾಕಿದರು. ಆ ಕೈಗಳ ಮೇಲೆ ತಮ್ಮ ಕೈಗಳನ್ನು ಒತ್ತಿ ಹಿಡಿದರು. ನಡುಕ ನಿಂತಿತೆಂದು ನಾನು ಹೇಳಲಾರೆ. ಭರಣಿಯ ಒಳಗಿನ ರಸ ಸಣ್ಣಗೆ ತುಳುಕುವ ಸದ್ದು ಕೇಳುತ್ತಿತ್ತು. ಆದರೆ ಭರಣಿ ಅಲ್ಲಿಯೇ ಇತ್ತು.

ಬಸ್ಸಿನಲ್ಲಿಯೂ ಹಾಗೆಯೇ ಕುಳಿತರು. ಬೆಳ್ಮಣ್ ಹತ್ತಿರ ಕಂಡಕ್ಟರ್ ಬಂದು, "ಅದನ್ನು ಕೆಳಗಿಡಿ ಅಮ್ಮ, ಬ್ರೇಕು ಹಾಕಿದರೆ ಬೀಳ್ತದೆ" ಎಂದ.

ಉತ್ತರ ಕೊಟ್ಟದ್ದು ಮಾವ ಅಲ್ಲ. "ಕೆಳಗಿಡ್ಲಿಕ್ಕೆ ಆಗುವುದಿಲ್ಲ. ನೆಲದಲ್ಲಿಟ್ಟರೆ ಅದಕ್ಕೆ ಒಂದೇ ಬಿದ್ದದ್ದು!" ಎಂದರು ಅತ್ತೆ.

ಕಂಡಕ್ಟರ್ ನನ್ನ ಮುಖ ನೋಡಿದ. ನಾನು, ಇತಿಹಾಸದ ವಿದ್ಯಾರ್ಥಿ, ಆಧಾರವಿಲ್ಲದೆ ಮಾತನಾಡದವನು, "ಹೌದು, ಒಂದೇ ಬಿದ್ದದ್ದು" ಎಂದೆ.

ಪಡುಬಿದ್ರಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ರಸ್ತೆ ದಾಟುವಾಗಲೂ ಇಬ್ಬರೂ ಬಿಡಲಿಲ್ಲ. ಒಂದೊಂದು ಕಿವಿಯನ್ನು ಒಬ್ಬೊಬ್ಬರು ಹಿಡಿದು, ಮದುವೆ ಮಂಟಪಕ್ಕೆ ಬರುವವರ ಹಾಗೆ ನಿಧಾನವಾಗಿ ನಡೆದರು. ಒಂದು ಲಾರಿ ಅವರಿಗಾಗಿ ನಿಂತಿತು. ನಾನು ಕೊಡೆ, ಚೀಲ, ಚಪ್ಪಲಿ, ದಾಳ ಎಲ್ಲ ಹಿಡಿದು ಹಿಂದೆ.

ಕಾಪುವಿನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಭರಣಿ ಇಳಿಯಿತು. ಮಾವ ಉಸಿರು ಬಿಟ್ಟು, ಬೆವರು ಒರೆಸಿಕೊಂಡು, ಗಂಭೀರವಾಗಿ ಹೇಳಿದರು: "ಒಂದು ಸಂಶಯ. ಒಬ್ಬರು ಹಿಡಿದರೆ ಅವರ ರಕ್ಷೆ ಅಂತ ಉಂಟು. ಇಬ್ಬರು ಸೇರಿ ಹಿಡಿದರೆ ಯಾರ ರಕ್ಷೆ? ಪುಸ್ತಕದಲ್ಲಿ ಅದನ್ನು ಬರೆದೇ ಇಲ್ಲ."

"ಬರೆದವರಿಗೆ ಮದುವೆ ಆಗಿರ್ಲಿಕ್ಕಿಲ್ಲ" ಎಂದರು ಅತ್ತೆ, ಒಲೆಗೆ ಬೆಂಕಿ ಮಾಡುತ್ತ.

ನಾನು ಆಮೇಲೆ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ, ಅಡಿಟಿಪ್ಪಣಿಗಳೂ ಸೇರಿದಂತೆ, ಪರಿಶೀಲಿಸಿದೆ. ಮಾವ ಹೇಳಿದ್ದು ಸರಿ; ಆ ನಿಯಮ ಅದರಲ್ಲಿಲ್ಲ. ಅವರಿಬ್ಬರೂ ಈಗಿಲ್ಲ. ಭರಣಿ ನಮ್ಮ ಮನೆಯಲ್ಲಿದೆ. ವರ್ಷಕ್ಕೊಮ್ಮೆ ತೊಳೆಯಲೆಂದು ಅದನ್ನು ಕಪಾಟಿನಿಂದ ಇಳಿಸುವಾಗ ನನ್ನ ಕೈಗಳು ಇನ್ನೂ ಗಟ್ಟಿಯಾಗಿಯೇ ಇವೆ. ಆದರೂ ನಾನು ಹೆಂಡತಿಯನ್ನು ಕರೆಯುತ್ತೇನೆ. ಅವಳು ಕೈಯೊರೆಸಿಕೊಂಡು ಬಂದು, ಏನೂ ಕೇಳದೆ, ಇನ್ನೊಂದು ಕಿವಿ ಹಿಡಿದುಕೊಳ್ಳುತ್ತಾಳೆ.